ಬೂದಾಲದ ಬೂದಿ

ನಮ್ಮೂರಲ್ಲಿ ಮಣೆ ಕೊಳ್ಳಲಿ, ಮಂಚ ಕೊಳ್ಳಲಿ, ಮಜ್ಜಿಗೆ ಕಡೆಯುವ ಕಡಗೋಲನ್ನೇ ಕೊಳ್ಳಲಿ, ಬೆಲೆ ಕೇಳುವುದಕ್ಕೆ ಮುಂಚೆ ಕೇಳುವ ಮಾತೊಂದಿದೆ: ‘ತಾಯಿ ಇದ್ದಾಳಾ?’ ಮಾರುವವನು ‘ಇದ್ದಾಳೆ’ ಅನ್ನಬೇಕು, ಅಂದು ಆ ಜಾತಿಯ ಮರ ಯಾವ ದಿಕ್ಕಿನಲ್ಲಿದೆಯೋ ಆ ದಿಕ್ಕಿಗೆ ಕೈ ತೋರಿಸಬೇಕು. ತೋರಿಸದಿದ್ದರೆ ವ್ಯಾಪಾರ ಮುರಿದ ಹಾಗೆಯೇ. ಯಾಕೆಂದರೆ ಒಂದು ಜಾತಿಯ ಕೊನೆಯ ಮರ ಯಾವ ಗಳಿಗೆಯಲ್ಲಿ ಉಸಿರು ಬಿಡುತ್ತದೋ ಅದೇ ಗಳಿಗೆಯಲ್ಲಿ ಆ ಜಾತಿಯ ಮರದಿಂದ ಮಾಡಿದ್ದೆಲ್ಲ ಹೊಟ್ಟಾಗಿ ಉದುರಿಬಿಡುತ್ತದೆ. ಸದ್ದಿಲ್ಲ, ಗದ್ದಲವಿಲ್ಲ. ಬಾಗಿಲಿದ್ದ ಕಡೆ ಒಂದು ಗುಡ್ಡೆ ಹೊಟ್ಟು, ಅಷ್ಟೇ. ನಾನು ಚಿಕ್ಕವಳಿದ್ದಾಗ ಹಾಲ್ಗರಿ ಮರ ಹೋಯಿತು. ನಮ್ಮವ್ವ ಒಲೆ ಮುಂದೆ ಕೂತು ಮುದ್ದೆ ತಿರುವುತ್ತಿದ್ದಳು. ಕೈಯಲ್ಲಿದ್ದ ಕೋಲು ಮಡಕೆಯೊಳಗೇ ಹೊಟ್ಟಾಯಿತು. ಅವ್ವ ಒಂದು ಕ್ಷಣ ತನ್ನ ಬರಿಗೈ ನೋಡಿಕೊಂಡಳು. ಆಮೇಲೆ ‘ಹಾಲ್ಗರಿ ಹೋದ್ಲು ಕಣೇ’ ಅಂದವಳೇ ಮಡಕೆ ಬರಿದು ಮಾಡಿ ಮತ್ತೆ ಎಸರಿಟ್ಟಳು. ನಮ್ಮಲ್ಲಿ ವರ್ಷಗಳನ್ನು ನೆನಪಿಡುವುದೂ ಹೀಗೆಯೇ. ನನ್ನ ತಮ್ಮ ಹುಟ್ಟಿದ್ದು ಹಾಲ್ಗರಿ ಹೋದ ಮೂರನೆಯ ವರ್ಷ. ನಾನು ಮದುವೆಯಾದದ್ದು ಗಂಟೆಮರ ಹೋದ ವರ್ಷ. ಊರಿನ ಹಸೆಮಣೆಗಳೆಲ್ಲ ಗಂಟೆಮರದವೇ ಆಗಿದ್ದರಿಂದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ತಾಳಿ ಕಟ್ಟಿಸಿಕೊಂಡೆ.

ಆ ಗಂಟೆಮರ ಯಾರಿಗೂ ಹೇಳದೆ ಕೇಳದೆ ಒಂದು ಬೆಳಗಿನ ಜಾವ ಹೋಗಿತ್ತು. ಎರಡು ಮನೆಗಳ ತೊಲೆ ಹೊಟ್ಟಾಗಿ ಮಾಳಿಗೆ ಕುಸಿಯಿತು. ಒಂದು ಮನೆಯಲ್ಲಿ ನಾಲ್ಕು ಜನ ಮಣ್ಣಾದರು. ಇನ್ನೊಂದು ಮನೆಯಲ್ಲಿ ಮಣ್ಣಿನಡಿ ಸಿಕ್ಕಿ ಬದುಕಿದವನು ಮುಂದೆ ನನ್ನ ಗಂಡನಾದ ಓಬಳಯ್ಯ, ಬಲಗಾಲು ಮೊಣಕಾಲಿನಿಂದ ಕೆಳಗೆ ಇಲ್ಲದೆ. ಅವತ್ತಿನಿಂದ ಪಂಚರು ಒಂದು ಕಟ್ಟು ಮಾಡಿದರು. ಕೊನೆಯ ಮರ ಸಾಯುವ ಹಂತಕ್ಕೆ ಬಂತು ಅಂತ ಖಾತ್ರಿಯಾದರೆ ಅದು ತಾನಾಗಿ ಹೋಗುವವರೆಗೆ ಕಾಯಬಾರದು. ದಿನ ಇಡಬೇಕು, ಡಂಗುರ ಹೊಡೆಸಬೇಕು, ಆ ಮರದ ತೊಲೆ ಇರುವ ಮನೆ ಬಿಡಿಸಬೇಕು, ಆ ಮರದ ತೊಟ್ಟಿಲಿಂದ ಮಕ್ಕಳನ್ನು ಎತ್ತಿಸಬೇಕು, ನಡು ಮಧ್ಯಾಹ್ನ ಎಲ್ಲರೂ ನೋಡುತ್ತಿರುವಾಗ ಕಡಿಯಬೇಕು. ಇದಕ್ಕೆ ‘ಒಳ್ಳೆ ಸಾವು’ ಅಂತ ಹೆಸರು. ಕಾಲು ಕಳೆದುಕೊಂಡವನು ಹೊಲಕ್ಕೆ ಹೋಗಲಾರ, ಆದರೆ ಗಂಟಲು ಗಟ್ಟಿಯಿದೆ ಅಂತ ಡಂಗುರದ ಕೆಲಸ ನನ್ನ ಗಂಡನಿಗೇ ಬಂತು. ಅವನಿಗೆ ಮರದ ಕಾಲು ಮಾಡಿಸಿದವಳು ನಮ್ಮತ್ತೆ ಸಣ್ಣಬೋರಮ್ಮ. ಬೇವಿನ ಕಾಲು ಕಟ್ಟಿದರೆ ಹುಣ್ಣಾಗುತ್ತಿತ್ತು, ಜಾಲಿಯದು ಕಟ್ಟಿದರೆ ಎತ್ತಿಡಲಾಗದಷ್ಟು ಭಾರ. ಕೊನೆಗೆ ಗಾಳಿಗೆ ಬಿದ್ದ ಬೂದಾಲದ ಕೊಂಬೆಯಿಂದ ಕೆತ್ತಿಸಿದ್ದು ಮೈಗೆ ಹೊಂದಿತು. ಹಗುರ, ಬೆವರಿಗೆ ಉಬ್ಬುವುದಿಲ್ಲ. ಓಬಳಯ್ಯ ಬೀದಿಗೆ ಬಂದರೆ ಮೊದಲು ಆ ಕಾಲಿನ ಟಕ್ ಟಕ್ ಕೇಳುತ್ತಿತ್ತು, ಆಮೇಲೆ ತಮಟೆ, ಆಮೇಲೆ ಅವನ ದನಿ.

ಬೂದಾಲ ಅಂದರೆ ಊರ ಹಿಂದಿನ ಬಂಡೆಯ ಮೇಲೆ ಒಂಟಿಯಾಗಿ ನಿಂತಿರುವ ಮರ. ಅದರ ಜಾತಿಯಲ್ಲಿ ಅದೊಂದೇ. ಅದನ್ನು ನೋಡಿಕೊಳ್ಳುವ ಕೆಲಸ ನಮ್ಮ ಮನೆಯದು, ಕೆಲಸ ಅಂದರೆ ಎಲೆ ಒರೆಸುವುದು. ಹಾಲ್ಗರಿ ಸತ್ತಾಗ ಅದರ ಎಲೆಯ ಮೇಲೆ ಬೆರಳಿನಷ್ಟು ಧೂಳು ಕೂತಿತ್ತಂತೆ, ಧೂಳೇ ಅದನ್ನು ಕೊಂದಿತು ಅಂತ ಹಿರಿಯರು ತೀರ್ಮಾನಿಸಿದರು. ಅಲ್ಲಿಂದ ಈಚೆಗೆ ಊರಿನ ಒಂದೊಂದು ಕೊನೆಯ ಮರಕ್ಕೂ ಒಬ್ಬೊಬ್ಬ ಒರೆಸುವವಳು. ಮದುವೆಯಾದ ಎರಡನೆಯ ತಿಂಗಳು ಅತ್ತೆ ನನ್ನ ಕೈಗೆ ಹಳೆಯ ಸೀರೆಯ ತುಂಡು ಕೊಟ್ಟು ಬಂಡೆ ಹತ್ತಿಸಿದರು. ಬೂದಾಲದ ಎಲೆ ತೊಗಲಿನ ಹಾಗೆ ದಪ್ಪ. ಮೇಲೆ ಹಸಿರು, ತಿರುಗಿಸಿದರೆ ಹಿಂದೆಲ್ಲ ಬೂದಿ ಬಳಿದ ಹಾಗೆ ಬೆಳ್ಳಗೆ, ಮುಟ್ಟಿದರೆ ಎಳೆಗರುವಿನ ಕಿವಿಯಂತೆ ನುಣುಪು. ‘ಬೂದಿ ಸಾವಿನ ಮನೇದು ಕಣವ್ವ, ಒಂದ್ ಚೂರೂ ಬಿಡಬ್ಯಾಡ’ ಅಂದರು ಅತ್ತೆ. ನಾನು ಬಿಡಲಿಲ್ಲ. ಏಣಿ ಹಾಕಿ, ಕೊಂಬೆ ಹತ್ತಿ, ಒಂದೊಂದೇ ಎಲೆಯನ್ನು ಅಂಗೈ ಮೇಲೆ ಮಲಗಿಸಿಕೊಂಡು ಉಜ್ಜಿ ಉಜ್ಜಿ ಒರೆಸಿದೆ. ಹೊಸ ಎಲೆ ಬಂದಾಗೆಲ್ಲ ಮತ್ತೆ ಬೂದಿ. ಏನು ಧೂಳಪ್ಪ ಈ ಊರಲ್ಲಿ ಅಂತ ಬೈದುಕೊಂಡು ಮತ್ತೆ ಒರೆಸಿದೆ. ಹಾಗೆ ಇಪ್ಪತ್ತೆರಡು ವರ್ಷ. ಮಕ್ಕಳಾಗದ ನನಗೆ ಅದೇ ಮಗು, ಅದಕ್ಕೇ ಸ್ನಾನ, ಅದಕ್ಕೇ ಸಿಂಗಾರ. ಪಡುವಣದ ಒಂದು ಕೊಂಬೆ ಮಾತ್ರ ಕಮರಿಯ ಮೇಲೆ ಚಾಚಿತ್ತು. ಅಲ್ಲಿಗೆ ನನ್ನ ಕೈ ಎಟುಕಲಿಲ್ಲ. ಅದೊಂದು ಕೊರತೆ ನನ್ನನ್ನು ಯಾವಾಗಲೂ ಚುಚ್ಚುತ್ತಿತ್ತು.

ಬೂದಾಲಕ್ಕೆ ಇನ್ನೊಂದು ಗುಣವಿತ್ತು. ಬಿಸಿಲು ನೆತ್ತಿಗೇರಿದರೆ ಸಾಕು, ಎಲೆಗಳೆಲ್ಲ ಓರೆಯಾಗಿ ತಿರುಗಿ, ಸೂರ್ಯನಿಗೆ ಅಂಚು ಕೊಟ್ಟು ನಿಂತುಬಿಡುತ್ತಿದ್ದವು. ಮರದ ಕೆಳಗೆ ಕೂತರೆ ನಡು ಮಧ್ಯಾಹ್ನ ನೆರಳೇ ಇಲ್ಲ. ಬೀಜದ ಕಾಮಕ್ಕ ಅಂತ ನಮ್ಮ ಬೀದಿಯಲ್ಲೊಬ್ಬಳು ಮುದುಕಿ ಇದ್ದಾಳೆ. ಊರಿಗೆಲ್ಲ ಬಿತ್ತನೆ ಬೀಜ ಇಟ್ಟುಕೊಡುವವಳು, ಅವಳ ಗಡಿಗೆಯ ಬೀಜಕ್ಕೆ ಹುಳ ಬಿದ್ದದ್ದನ್ನು ಯಾರೂ ನೋಡಿಲ್ಲ. ಅವಳು ಸೌದೆ ಹೊತ್ತು ಆ ದಾರಿಯಲ್ಲಿ ಬರುವಾಗೆಲ್ಲ ಮರವನ್ನು ನೋಡಿ, ‘ಏನೇ ಹೊನ್ನೂರಿ, ನಿನ್ ಮಗಳು ಮಹಾ ಲೋಭಿ ಕಣೇ, ಬಿಸ್ಲಲ್ಲಿ ಬಂದೋರಿಗೆ ಬೊಗಸೆ ನೆರಳು ಕೊಡಲ್ಲ’ ಅನ್ನುವಳು. ನಾನು ಮರದ ಪರವಾಗಿ ನಾಚಿಕೊಳ್ಳುತ್ತಿದ್ದೆ. ಹಾಗೆ ಆಡಿಕೊಂಡರೂ ಅವಳ ಮನೆಯ ತೊಲೆ ಬೂದಾಲದ್ದೇ, ಮೊಮ್ಮಗು ಮಲಗುತ್ತಿದ್ದ ತೊಟ್ಟಿಲೂ ಬೂದಾಲದ್ದೇ.

ಹೋದ ವರ್ಷ ಮಾಘ ಕಳೆಯುತ್ತಿದ್ದಂತೆ ಬೂದಾಲ ಎಲೆ ಉದುರಿಸತೊಡಗಿತು. ಹಿಂದೆಂದೂ ಅದು ಹಾಗೆ ಮಾಡಿದ್ದಿಲ್ಲ. ಮೊದಲು ಹತ್ತಾರು, ಆಮೇಲೆ ಮಡಿಲು ತುಂಬ, ಆಮೇಲೆ ನಿಂತಲ್ಲೇ ಬೋಳು. ಹನ್ನೆರಡು ದಿನದಲ್ಲಿ ಊರ ಕಡೆಯಿಂದ ನೋಡಿದರೆ ಬರೀ ಕಡ್ಡಿ ಕಾಣುವ ಹಾಗಾಯಿತು. ನಾನು ಕೊಡಗಟ್ಟಲೆ ನೀರು ಹೊತ್ತು ಸುರಿದೆ, ನಿಲ್ಲಲಿಲ್ಲ. ಪಂಚರು ಬಂದು ನೋಡಿದರು. ಮುಂದಿನ ಗುರುವಾರಕ್ಕೆ ದಿನ ಇಟ್ಟರು. ಓಬಳಯ್ಯನನ್ನು ಚಾವಡಿಗೆ ಕರೆಸಿದಾಗ ನಾನೂ ಹಿಂದೆ ಹೋಗಿದ್ದೆ. ಯಜಮಾನ ಮರಿಸ್ವಾಮಪ್ಪ ವಯಸ್ಸಾದವರು, ನನ್ನ ಗಂಡನ ಮುಖ ನೋಡಲಾರದೆ ಅವನ ತಮಟೆಯನ್ನೇ ನೋಡುತ್ತ ಹೇಳಿದರು: ‘ಓಬಳಯ್ಯ, ಇದನ್ನ ನಿನ್ ಬಾಯಲ್ಲಿ ಸಾರಿಸೋಕೆ ನಂಗೆ ಮನಸ್ಸಿಲ್ಲ ಕಣಪ್ಪ. ಇದೊಂದ್ ಸಲ ಬೇರೆ ಯಾರಿಗಾದ್ರೂ ಹೇಳ್ತೀನಿ.’

‘ಬ್ಯಾಡಿ ಯಜಮಾನ್ರೇ’ ಅಂದ ಓಬಳಯ್ಯ. ‘ಬೇರೆಯೋರು ಸಾರಿದ್ರೆ ಜನ ಅನುಮಾನ ಮಾಡ್ತಾರೆ. ಈ ಕಾಲಲ್ಲೇ ನಡ್ಕೊಂಡ್ ಹೋಗಿ ಹೇಳಿದ್ರೆ ನಂಬಿ ಮನೆ ಬಿಡ್ತಾರೆ.’

ಅವತ್ತು ಅವನು ಏಳು ಬೀದಿ ಸುತ್ತಿದ. ಬೂದಾಲಕ್ಕೆ ಗುರುವಾರ ಮಧ್ಯಾಹ್ನ ಒಳ್ಳೆ ಸಾವು, ಬೂದಾಲದ ತೊಲೆ ಇದ್ದವರು ಬುಧವಾರವೇ ಮನೆ ಖಾಲಿ ಮಾಡಿ, ಬೂದಾಲದ ಮೇಲೆ ಕೂತವರು ಏಳಿ, ಮಲಗಿದವರು ಇಳಿಯಿರಿ ಅಂತ ವಾಡಿಕೆಯಂತೆ ಸಾರಿದ. ಪ್ರತಿ ಬೀದಿಯ ಕೊನೆಗೂ ‘ಬೂದಾಲದ ಮೇಲೆ ನಿಂತೋನು ನಾನೊಬ್ಬ ಇದ್ದೀನಿ, ನಂದು ನಾನು ನೋಡ್ಕೊಂತೀನಿ’ ಅಂತ ಸೇರಿಸುತ್ತಿದ್ದನಂತೆ. ಕೆಲವರು ನಕ್ಕರಂತೆ, ನಕ್ಕವರೇ ಕಣ್ಣೊರೆಸಿಕೊಂಡರಂತೆ. ಸಂಜೆ ಮನೆಗೆ ಬಂದವನು ಒಂದು ಗಟ್ಟಿ ಬಿದಿರು ಹುಡುಕಿಡು ಅಂದ. ಬಿದಿರಿಗೆ ತಾಯಂದಿರು ಬೇಕಾದಷ್ಟಿದ್ದಾರೆ, ಅದು ನನ್ನ ಆಯುಸ್ಸಿಗಾಗುತ್ತೆ ಅಂದ. ಕಂಕುಳಿಗೆ ಊರಿಕೊಳ್ಳುವ ಕೋಲಿಗೆ. ಕಂಕುಳಲ್ಲಿ ಕೋಲಿದ್ದರೆ ತಮಟೆ ಹೊಡೆಯಲು ಕೈ ಇರುವುದಿಲ್ಲ.

ಸೋಮವಾರ ನಾನು ಬಂಡೆ ಹತ್ತಿದೆ. ಸತ್ತವರಿಗೆ ಕೊನೆಯ ಸಲ ಮೈ ತೊಳೆಯುತ್ತೇವಲ್ಲ, ಹಾಗೆ. ಒರೆಸಲು ಎಲೆಯೇ ಉಳಿದಿರಲಿಲ್ಲ. ಬಟ್ಟೆ ಹಿಡಿದುಕೊಂಡು ಮರವನ್ನು ಒಂದು ಸುತ್ತು ಬಂದೆ. ಆಗ ಕಂಡಿತು, ಕಮರಿಯ ಮೇಲೆ ಚಾಚಿದ್ದ ಪಡುವಣದ ಕೊಂಬೆಯಲ್ಲಿ ಇನ್ನೂ ಎಲೆಗಳಿದ್ದವು. ಊರ ಕಡೆಯಿಂದ ಅದು ಕಾಣುವುದಿಲ್ಲ. ಮೈತುಂಬ ಬೂದಿ ಹೊತ್ತುಕೊಂಡು, ಇಷ್ಟು ವರ್ಷ ಕೊಳಕಾಗಿಯೇ ಬಿದ್ದಿದ್ದ ಕೊಂಬೆ. ಇವಾದರೂ ಶುದ್ಧವಾಗಿ ಹೋಗಲಿ ಅಂತ ದೋಟಿ ತಂದು, ಹೊಟ್ಟೆ ಮೇಲೆ ಮಲಗಿ, ಕಮರಿಗೆ ಕೈ ಚಾಚಿ ಒಂದು ರೆಂಬೆ ಎಳೆದು ಮುರಿದುಕೊಂಡೆ. ಒಂದು ಎಲೆಯನ್ನು ಒರೆಸಿ ಬಂಡೆಯ ಮೇಲಿಟ್ಟೆ. ಇನ್ನೊಂದನ್ನು ಕೈಗೆ ತೆಗೆದುಕೊಂಡಾಗ ಗಂಟಲು ಒಣಗಿತು. ಅದನ್ನೂ ಅಲ್ಲೇ ಪಕ್ಕಕ್ಕಿಟ್ಟು ನೀರು ಕುಡಿಯಲು ಹಳ್ಳಕ್ಕೆ ಇಳಿದೆ.

ಬರುವಷ್ಟರಲ್ಲಿ ಒರೆಸಿದ ಎಲೆ ಸುರುಟಿಕೊಂಡು ಬೀಡಿಯ ಹಾಗಾಗಿತ್ತು. ಒರೆಸದ್ದು ಕಿತ್ತಾಗ ಹೇಗಿತ್ತೋ ಹಾಗೇ ಇತ್ತು.

ಕಾದ ಕಲ್ಲಿನ ಬಿಸಿಗೇನೋ ಅಂದುಕೊಂಡೆ. ಮತ್ತೆ ನಾಲ್ಕು ಎಲೆ ಕಿತ್ತು, ಎರಡನ್ನು ಒರೆಸಿ, ಎರಡನ್ನು ಹಾಗೇ ಇಟ್ಟು, ಪಕ್ಕದಲ್ಲೇ ಕೂತು ನೋಡಿದೆ. ಒರೆಸಿದವೆರಡೂ ನನ್ನ ಕಣ್ಣೆದುರಿಗೇ ಅಂಚು ಮಡಿಸಿಕೊಂಡು ಮುದುರಿದವು. ಬೂದಿ ಇದ್ದವು ಮಿಸುಕಲಿಲ್ಲ. ಹೊತ್ತು ಇಳಿಯುವವರೆಗೆ ಕೂತಿದ್ದೆ. ನಮ್ಮವ್ವ ಕೋಲು ಹೊಟ್ಟಾದಾಗ ನೋಡಿಕೊಂಡ ಹಾಗೆ ನಾನೂ ನನ್ನ ಕೈ ನೋಡಿಕೊಂಡೆ. ಆ ಬೂದಿ ಎಲ್ಲಿಂದಲೋ ಹಾರಿ ಬಂದ ಧೂಳಲ್ಲ. ಅವಳೇ ಹೊದ್ದುಕೊಂಡದ್ದು. ಒಳಗಿನ ತೇವ ಬಿಸಿಲಿಗೆ ಸಿಗದಿರಲಿ ಅಂತ ಎಲೆ ಎಲೆಗೂ ಹೊದಿಸಿದ ಹೊದಿಕೆ. ಅದನ್ನು ನಾನು ಪ್ರತಿ ಚಿಗುರಿಗೂ ಎಳೆದು ಬಿಸಾಕಿದೆ, ಅವಳು ಮತ್ತೆ ನೇಯ್ದಳು, ನಾನು ಮತ್ತೆ ಎಳೆದೆ. ಕೊನೆಗೆ ಆ ವರ್ಷದ ಬರಗಾಲದ ಬಿಸಿಲಿಗೆ ತಾಳಲಾರದೆ ಸೋರುವ ಕೊಡಗಳನ್ನು ಇಳಿಸಿದ ಹಾಗೆ ಎಲೆಗಳನ್ನೆಲ್ಲ ಇಳಿಸಿಬಿಟ್ಟಿದ್ದಳು. ಪಡುವಣದ ಕೊಂಬೆಯ ಬುಡದಲ್ಲಿ ಉಗುರಿನಿಂದ ತೊಗಟೆ ಕೆರೆದೆ. ಒಳಗೆ ಹಸಿರಿತ್ತು, ಉಗುರಿಗೆ ತಂಪು ಹತ್ತಿತು.

ಮನೆಗೆ ಬಂದು ಓಬಳಯ್ಯನಿಗೆ ಎಲ್ಲ ಹೇಳಿದೆ. ಎಲೆ ಒರೆಸಲು ಕಲಿಸಿದವಳು ತೀರಿಕೊಂಡ ಅವನ ಹೆತ್ತವ್ವ, ಒರೆಸಿದವಳು ಕಟ್ಟಿಕೊಂಡವಳು. ಯಾರನ್ನು ಬೈದಾನು. ಕೊನೆಗೆ, ‘ನಾಳೆ ಪಂಚರ ಮುಂದೆ ನೀನೇ ಎಲೆ ಇಡು’ ಅಂದ. ‘ನಾನು ಬಾಯಿ ಬಿಡಲ್ಲ. ನಾನ್ ಮಾತಾಡಿದ್ರೆ ಕಾಲಿನ ಆಸೆಗೆ ಆಡ್ದ ಅಂತಾರೆ.’

ಚಾವಡಿಯ ಕಲ್ಲಿನ ಮೇಲೆ ಒರೆಸಿದ ಎಲೆ, ಒರೆಸದ ಎಲೆ ಎರಡನ್ನೂ ಇಟ್ಟೆ, ಬಿಸಿಲಿತ್ತು, ಒರೆಸಿದ್ದು ಮುದುರುವುದಕ್ಕೆ ಹೆಚ್ಚು ಹೊತ್ತೇನೂ ಬೇಕಾಗಲಿಲ್ಲ. ಕೊಡಲಿಯ ಚಿಕ್ಕೀರಯ್ಯ, ಒಳ್ಳೆ ಸಾವು ಕೊಡುವವನು, ಬಗ್ಗಿ ನೋಡಿ, ಕಿತ್ತ ಎಲೆ ಬಾಡೋದು ಏನು ದೊಡ್ಡ ವಿಷಯ ಅಂದ. ಯಜಮಾನರು ಕೇಳಿದ ಮಾತು ನ್ಯಾಯವಾದದ್ದೇ ಆಗಿತ್ತು. ಕಾಯುತ್ತೇವೆ, ಸರಿ, ಕಾಯುವಾಗ ಮರ ಬೆಳಗಿನ ಜಾವ ಹೋಗಿಬಿಟ್ಟರೆ? ಹನ್ನೊಂದು ಮನೆಯ ಮೇಲೆ ಬೂದಾಲದ ತೊಲೆ ಇದೆ. ಆಗ ಕಾಮಕ್ಕ ಎದ್ದು ನಿಂತಳು. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

‘ಇಪ್ಪತ್ತೆರಡು ವರ್ಷ ಒರೆಸ್ದೋಳು ನೀನು. ಈಗ ಒರೆಸಬಾರ್ದಿತ್ತು ಅನ್ನೋಳೂ ನೀನೇನಾ?’

‘ಹೂಂ ಕಾಮಕ್ಕ. ನಾನೇ.’

‘ನಿನ್ನತ್ತೆ ದಡ್ಡಿ ಅಂತೀಯಾ ಹಂಗಾದ್ರೆ?’

‘ನಮ್ಮತ್ತೆ ಪ್ರೀತೀಲಿ ಒರೆಸಿದ್ರು. ನಾನೂ ಹಂಗೇ ಒರೆಸಿದೆ. ಅದ್ಕೇ ಯಾರ್ಗೂ ಗೊತ್ತಾಗ್ಲಿಲ್ಲ.’

ಅವಳು ನನ್ನನ್ನು ಬಿಟ್ಟು ಎಲೆಯನ್ನು ಎತ್ತಿಕೊಂಡಳು. ಬೂದಿ ಇದ್ದ ಎಲೆ. ಹಿಂದುಮುಂದು ತಿರುಗಿಸಿದಳು, ಬೆರಳಿನಿಂದ ಒಂದು ಗೀಟು ಎಳೆದಳು, ಬೆರಳನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು. ಓಬಳಯ್ಯ ತಮಟೆಯ ತೊಗಲನ್ನೇ ನೋಡುತ್ತಿದ್ದ. ಕಾಮಕ್ಕ ಪಂಚರ ಕಡೆ ತಿರುಗಿದಳು.

‘ಅವರೆ ಬೀಜ ಎತ್ತಿಡುವಾಗ ಏನ್ ಮಾಡ್ತೀನಿ ಯಜಮಾನ್ರೇ? ಬೂದಿ ಬಳಿದು ಗಡಿಗೇಲಿ ಹಾಕ್ತೀನಿ. ಅರವತ್ತು ವರ್ಷದಿಂದ ಹಾಕ್ತಿದ್ದೀನಿ. ಯಾವತ್ತಾದ್ರೂ ಯಾರಾದ್ರೂ ಬಂದು, ಏ ಕಾಮಿ, ಬೀಜ ಕೊಳೆಯಾಗಿದೆ ಒರೆಸು ಅಂದಿದ್ದೀರಾ?’ ಎಲೆಯನ್ನು ತಿರುಗಿ ಕಲ್ಲಿನ ಮೇಲಿಟ್ಟಳು. ‘ನಾನ್ ಅಂಗಳದಲ್ಲಿ ಮಲಗ್ತೀನಿ. ಕೂಸ್ನೂ ಅಲ್ಲೇ ಮಲಗಿಸ್ತೀನಿ. ಕಾಯ್ರಿ.’

ಹೀಗೆ ಗುರುವಾರ ಬಂತು, ಹೋಯಿತು. ಮಳೆ ಹಿಡಿಯುವವರೆಗೆ ಕಾಯುವುದು ಅಂತ ಪಂಚರು ಒಪ್ಪಿದರು. ಹನ್ನೊಂದು ಮನೆಯವರು ತಮ್ಮ ಮಾಳಿಗೆ ಬಿಟ್ಟು ಅಂಗಳದಲ್ಲಿ, ಚಾವಡಿಯಲ್ಲಿ, ಬೇವಿನ ತೊಲೆಯ ನೆಂಟರ ಮನೆಗಳಲ್ಲಿ ಮಲಗತೊಡಗಿದರು. ಅಡುಗೆಗೆ ಮಾತ್ರ ಒಳಗೆ ಹೋಗುವುದು, ಅದೂ ಹೊಸಿಲಾಚೆ ಒಬ್ಬರನ್ನು ಕಾವಲಿಟ್ಟುಕೊಂಡು. ನನಗೆ ಮರ ಮುಟ್ಟಬೇಡ ಅಂತ ಕಟ್ಟಾಯಿತು, ನೀರು ಸುರಿಯುವುದೂ ಬೇಡ. ಓಬಳಯ್ಯ ದಿನಾ ಬೆಳಗಾಗುತ್ತಿದ್ದಂತೆ ತಮಟೆ ಮನೆಯಲ್ಲೇ ಬಿಟ್ಟು, ಬರೀ ಆ ಮರದ ಕಾಲಿನಲ್ಲಿ ಏಳು ಬೀದಿ ನಡೆದು ಬರತೊಡಗಿದ. ಯಾರೂ ಹೇಳಿರಲಿಲ್ಲ, ಅವನೂ ಯಾರಿಗೂ ಏನೂ ಸಾರಲಿಲ್ಲ. ಟಕ್ ಟಕ್ ಕೇಳಿದರೆ ಸಾಕು, ಬೂದಾಲ ಇನ್ನೂ ಇದೆ ಅಂತ ಜನ ಹಾಸಿಗೆ ಸುತ್ತಿಡುತ್ತಿದ್ದರು. ನಡುವೆ ಒಂದು ದಿನ ಅವನಿಗೆ ಜ್ವರ ಬಂದು ಏಳಲಾಗಲಿಲ್ಲ. ಬಿಸಿಲು ಬಿದ್ದರೂ ಬೀದಿಯಲ್ಲಿ ಸದ್ದಿಲ್ಲ. ಹನ್ನೊಂದು ಮನೆಯವರು ತಮ್ಮ ತಮ್ಮ ಮಾಳಿಗೆ ನೋಡುತ್ತ ಬೀದಿಯಲ್ಲಿ ನಿಂತುಬಿಟ್ಟರು. ಕಾಮಕ್ಕ ಮಾತ್ರ ನೆಟ್ಟಗೆ ನಮ್ಮ ಮನೆಗೆ ಬಂದಳು. ಗೋಡೆಗೆ ಒರಗಿಸಿದ್ದ ಕಾಲನ್ನು ಮುಟ್ಟಿ ನೋಡಿದಳು, ಆಮೇಲೆ ಓಬಳಯ್ಯನ ಹಣೆ ಮುಟ್ಟಿ ನೋಡಿದಳು. ‘ಕಾಲು ನೆಟ್ಟಗಿದೆ, ಮನುಷ್ಯ ಸುಡ್ತಾನೆ’ ಅಂತ ಬೀದಿಗೆ ಕೇಳುವ ಹಾಗೆ ಹೇಳಿ, ಮಧ್ಯಾಹ್ನ ಗಂಜಿ ತಂದಿಟ್ಟು ಹೋದಳು.

ಯುಗಾದಿ ಕಳೆದು ಹತ್ತು ದಿನಕ್ಕೆ ಚಿಕ್ಕೀರಯ್ಯ ಏದುಸಿರು ಬಿಡುತ್ತ ಬಂದ. ಮರಕ್ಕೆ ರೋಗ ಬಿದ್ದಿದೆ, ತುದಿತುದಿಗೆ ರಕ್ತದ ಹನಿ ಎದ್ದ ಹಾಗಿದೆ, ಇವತ್ತೇ ಕಡಿಯಬೇಕು ಅಂದ. ಊರೆಲ್ಲ ಬಂಡೆ ಹತ್ತಿತು. ನೋಡಿದರೆ ಚಿಗುರು, ಕೆಂಪು ಚಿಗುರು. ಬೂದಾಲದ ಚಿಗುರು ಮೊದಮೊದಲು ಕೆಂಪಗೇ ಬರುತ್ತದೆ, ಅದನ್ನು ಕಂಡವಳು ನಾನೊಬ್ಬಳೇ. ಊರಿನವರಿಗೆ ಮರ ದೂರದ ಹಸಿರು ಅಷ್ಟೇ. ಹೇಳಿದರೆ ಯಾರೂ ನಂಬಲಿಲ್ಲ. ಆಗ ಯಾರದೋ ಮೇಕೆಯೊಂದು ಪಡುವಣದ ಕಡೆಯಿಂದ ಬಂಡೆ ಹತ್ತಿ ಬಂತು. ಆ ಬರಗಾಲದ ಬಿಸಿಲಿನಲ್ಲಿ ಹಸಿದ ಮೇಕೆ. ಬುಡದಲ್ಲಿ ಒಡೆದಿದ್ದ ಕೆಂಪು ಕುಡಿಗೆ ಮೂಗು ಹಚ್ಚಿ, ಒಂದು ಚೂರು ಕಚ್ಚಿ, ಸೀನಿ, ತಲೆ ಒದರಿ, ಉಗಿದು ಹೋಯಿತು. ಕಾಮಕ್ಕ ಗಟ್ಟಿಯಾಗಿ ನಕ್ಕಳು. ‘ರೋಗ ಅಲ್ಲ ಕಣೋ ಚಿಕ್ಕೀರ. ಲೋಭಿ ಬಾಗಿಲಿಗೆ ಮೆಣಸಿನಕಾಯಿ ಕಟ್ಟವ್ಳೆ.’

ಹತ್ತು ದಿನದಲ್ಲಿ ಕೆಂಪು ಇಳಿದು ಹಸಿರಾಯಿತು, ಹಿಂದೆ ಬೂದಿ ಕೂತಿತು. ಆದರೆ ಚಿಗುರಿದ್ದು ಪಡುವಣದ ಕೊಂಬೆ, ಅದರದೇ ನೆತ್ತಿಯ ಒಂದು ಕವಲು, ಬುಡದ ಕುಡಿಗಳು. ಏಣಿ ಹಾಕಿದರೆ ನನ್ನ ಕೈ ಎಟುಕುತ್ತಿದ್ದ ಮೂಡಣದ ಅರ್ಧ ಮರ ಚಿಗುರಲೇ ಇಲ್ಲ. ನಾನು ಎಲ್ಲೆಲ್ಲಿ ಒರೆಸಿದ್ದೆನೋ ಅಲ್ಲಲ್ಲಿ ಒಣಗಿತ್ತು. ಗೀಟು ಎಳೆದ ಹಾಗೆ ಗೊತ್ತಾಗುತ್ತಿತ್ತು. ಮೊದಲ ಮಳೆ ಬಿದ್ದ ಮೇಲೆ, ಒಣಗಿದ್ದರ ಭಾರಕ್ಕೆ ಬದುಕಿದ್ದು ಸೀಳದಿರಲಿ ಅಂತ ಪಂಚರು ಆ ಅರ್ಧವನ್ನು ತೆಗೆಸಿದರು. ಚಿಕ್ಕೀರಯ್ಯ ಕೊಡಲಿ ಎತ್ತುವಾಗ ನನ್ನ ಗಂಡ ನನ್ನ ಪಕ್ಕದಲ್ಲೇ ನಿಂತಿದ್ದ. ಕೊನೆಯ ಏಟಿಗೆ ಕೊಂಬೆ ಕೆಳಗೆ ಬಿತ್ತು, ಅದೇ ಗಳಿಗೆಗೆ ಓಬಳಯ್ಯನ ಕಾಲು ಮೊಣಕಾಲಿಂದ ಹಿಮ್ಮಡಿಯವರೆಗೆ ಕರ್ರನೆ ಸೀಳು ಬಿಟ್ಟಿತು. ಅವನು ಬೀಳದೆ ನನ್ನ ಭುಜ ಹಿಡಿದುಕೊಂಡ. ಊರಿಗೆ ಇಳಿದು ನೋಡಿದರೆ ಹನ್ನೊಂದು ತೊಲೆಗೂ ಉದ್ದಕ್ಕೆ ಸೀಳು, ಕಾಮಕ್ಕನ ತೊಟ್ಟಿಲಿಗೂ ಸೀಳು. ಹೊಟ್ಟಾಗಿದ್ದು ಒಂದೂ ಇಲ್ಲ. ಜನ ತೊಲೆಗಳಿಗೆ ಕಲ್ಲಿನ ಕಂಬದ ಆಸರೆ ಕೊಟ್ಟು ಒಳಗೆ ಹೋದರು. ಕಮ್ಮಾರ ಕಾಲಿಗೆ ಎರಡು ಕಬ್ಬಿಣದ ಪಟ್ಟಿ ಹಾಕಿಕೊಟ್ಟ.

ಈಗ ಊರಿನಲ್ಲಿ ಒರೆಸುವವರು ಯಾರೂ ಇಲ್ಲ. ಬೆಳಗಾದರೆ ನನ್ನ ಕೈಗೆ ಕೆಲಸವಿಲ್ಲ. ಅಭ್ಯಾಸ ಕೆಟ್ಟದ್ದು, ಒಂದು ಸಂಜೆ ಓಬಳಯ್ಯ ಕಾಲು ಬಿಚ್ಚಿ ಪಕ್ಕಕ್ಕಿಟ್ಟಾಗ, ಏಳು ಬೀದಿಯ ಧೂಳು ಅದರ ಮೇಲೆ ಕೂತಿತ್ತು, ಗೊತ್ತಿಲ್ಲದೆಯೇ ಬಟ್ಟೆ ಕೈಗೆ ಬಂತು. ಅವನು ಕಾಲನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ. ‘ಬಿಡೇ. ಇರ್ಲಿ’ ಅಂದ. ಸಿಟ್ಟಿನಿಂದ ಅಂದದ್ದಲ್ಲ. ಆದರೆ ಅವನ ಕಾಲಿನ ಸದ್ದು ಬದಲಾಗಿದೆ. ಮೊದಲು ಟಕ್ ಟಕ್ ಅನ್ನುತ್ತಿದ್ದದ್ದು ಈಗ ಪ್ರತಿ ಹೆಜ್ಜೆಗೂ ಟಕ್ ಅಂದು ಆಮೇಲೆ ಒಂದು ಕಿರ್ ಅನ್ನುತ್ತದೆ. ಊರಿಗೆ ಅದು ಮರದ ಸುದ್ದಿ. ನನಗೆ ಮೊದಲಿನ ಸದ್ದು ಅವನದು, ಆಮೇಲಿನದು ನನ್ನದು.

ಮೊನ್ನೆ ಸಂತೆಯಲ್ಲಿ ಒಬ್ಬಳು ಹೊಸ ಮಣೆ ಚೌಕಾಸಿ ಮಾಡುತ್ತಿದ್ದಳು. ಬಿದ್ದ ಅರ್ಧ ಬೂದಾಲದಿಂದ ಮಾಡಿದ ಮಣೆ. ವಾಡಿಕೆಯಂತೆ, ‘ತಾಯಿ ಇದ್ದಾಳಾ?’ ಅಂತ ಕೇಳಿದಳು. ಮಾರುವವನು ಬಂಡೆಯ ಕಡೆ ಕೈ ತೋರಿಸಿ, ‘ಇದ್ದಾಳೆ ತಾಯಿ, ಯಾರೂ ಒರೆಸ್ತಿಲ್ಲ’ ಅಂದ. ಈಗ ಹಾಗೆ ಹೇಳುವುದೇ ವಾಡಿಕೆಯಾಗಿದೆ. ಅವನು ಪರವೂರಿನವನು, ನಾನು ಯಾರೆಂದು ಗೊತ್ತಿರಲಿಲ್ಲ. ನಾನು ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಮುಂದೆ ನಡೆದೆ.